ಗೋಲ್ಡ್‌ಫಿಶ್ ಟ್ಯಾಂಕಿಗೆ ಯಾವ ಗಿಡ: ಅನುಬಿಯಾಸ್, ಜಾವಾ ಫರ್ನ್ ಅಥವಾ ಹಾರ್ನ್‌ವರ್ಟ್?

ಮಡಿಕೇರಿಯಲ್ಲಿ ಗೋಲ್ಡ್‌ಫಿಶ್ ಸಾಕಲು ಹೀಟರ್ ಬೇಕಿಲ್ಲ, ಅದು ತಂಪು ನೀರಿನ ಮೀನು. ಗಾಜಿನ ಬೋಗುಣಿ ಮಾತ್ರ ಬೇಡ. ದೊಡ್ಡ ಟ್ಯಾಂಕ್, ಒಳ್ಳೆ ಫಿಲ್ಟರ್ ಇರಲಿ.

ಗಿಡದಲ್ಲಿ ಬಾಳಿಕೆಯನ್ನೇ ಮೊದಲು ನೋಡಿ, ಯಾಕೆಂದರೆ ಈ ಮೀನು ಮೆತ್ತನೆ ಎಲೆ ಕಂಡರೆ ತಿನ್ನುತ್ತದೆ, ಬೇರನ್ನೂ ಕೆದಕುತ್ತದೆ. ಅನುಬಿಯಾಸ್, ಜಾವಾ ಫರ್ನ್ ಎರಡರ ಎಲೆಯೂ ಗಟ್ಟಿ, ಸಾಮಾನ್ಯವಾಗಿ ಉಳಿಯುತ್ತವೆ. ಮಳೆಗಾಲದ ಮಬ್ಬು ಬೆಳಕಲ್ಲೂ ನಿಧಾನವಾಗಿ ಬೆಳೆಯುತ್ತವೆ. ಇವುಗಳ ದಪ್ಪ ಕಾಂಡವನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆ, ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಿ.

ಹಾರ್ನ್‌ವರ್ಟ್ ಅಗ್ಗ. ಸುಮ್ನೆ ತೇಲಲು ಬಿಟ್ಟರೂ ಬೆಳೆಯುತ್ತದೆ, ಮೀನಿನ ಹೊಲಸಿನಿಂದ ನೀರಲ್ಲಿ ಸೇರುವ ನೈಟ್ರೇಟನ್ನು ಚೆನ್ನಾಗಿ ಹೀರುತ್ತದೆ. ಆದರೆ ಮೀನು ಕಚ್ಚುತ್ತದೆ, ಸೂಜಿಯಂಥ ಎಲೆ ಉದುರಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಗಾಗ ಕತ್ತರಿಸಿ ಶುಚಿ ಮಾಡಲು ಬಿಡುವಿದ್ದರೆ ಇದೇ ಸರಿ. ಬಿಡುವಿಲ್ಲ, ಸ್ವಲ್ಪ ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ ಅಂದರೆ ಅನುಬಿಯಾಸ್. ಒಂದರಿಂದಲೇ ಹಲವು ಗಿಡ ಮಾಡುವ ಆಸೆಯಿದ್ದರೆ ಜಾವಾ ಫರ್ನ್, ಅದರ ಎಲೆಯ ಮೇಲೇ ಮರಿಗಿಡ ಹುಟ್ಟುತ್ತದೆ.

ತೋಟದ ತೊರೆಯಿಂದ ಮಾತ್ರ ಗಿಡ ತರಬೇಡಿ, ಕಾಫಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ತಾಮ್ರ ಮೀನಿಗೆ ವಿಷ. ಕತ್ತಲಲ್ಲಿ ಗಿಡಗಳೂ ಆಮ್ಲಜನಕ ಬಳಸುತ್ತವೆ, ಹಾಗಾಗಿ ಯಾವ ಗಿಡ ಹಾಕಿದರೂ ಕರೆಂಟ್ ಹೋಗುವ ಮಳೆರಾತ್ರಿಗೆ ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ.