ಮಂಡಿ ಸರ್ವರ್‌ಗೆ ಎಐ ಏಜೆಂಟ್: ಪ್ಲ್ಯಾನ್ ಹಾಕಲಿ, ಕೈ ಹಾಕೋದು ಬೇಡ

ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿ ಕೆಲವು ಟೊಮೆಟೊ ಮಂಡಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಬಿಲ್ಲಿಂಗ್ ಸರ್ವರ್, ಪ್ರಿಂಟರ್, ವೈಫೈ, ಎಲ್ಲಾ ನನ್ನ ತಲೆ ಮೇಲೆ. ಯಾವ ಸೆಕ್ಯುರಿಟಿ ಪ್ಯಾಚ್ ಮೊದಲು, ಯಾವುದು ಆಮೇಲೆ ಅಂತ ಪ್ಲ್ಯಾನ್ ಹಾಕಿಕೊಡುವ ಒಂದು ಎಐ ಏಜೆಂಟ್ ಟೂಲನ್ನು ಈ ಸೀಸನ್ ಪೂರ್ತಿ ಬಳಸಿದೆ. ಟ್ರಯಲ್ ಮುಗಿದು ಈಗ ದುಡ್ಡು ಕೊಟ್ಟೇ ಬಳಸುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ, ಬೈಯುವುದೂ ಇದೆಯಲ್ಲ.

ಮಷಿನ್‌ಗಳ ಸೆಕ್ಯುರಿಟಿ ದೋಷ ಹುಡುಕುವ ಸ್ಕ್ಯಾನರ್ ಓಡಿಸಿದವರಿಗೆ ಗೊತ್ತು, ಪುಟಗಟ್ಟಲೆ ಕೆಂಪು ಸಾಲುಗಳು ಬರುತ್ತವೆ. ದೋಷ ಎಷ್ಟು ಗಂಭೀರ ಅಂತ ಅಂಕ ಕೊಡುವ ಸಿವಿಎಸ್‌ಎಸ್‌ನಲ್ಲಿ 10ಕ್ಕೆ 9 ದಾಟಿದ್ದೆಲ್ಲ ಮೊದಲು ಅಂದರೆ ಅದೇ ಒಂದು ರಾಶಿ. ಈ ಏಜೆಂಟ್ ಅಂಕ ಒಂದನ್ನೇ ನಂಬಲಿಲ್ಲ. ಹ್ಯಾಕರ್‌ಗಳು ನಿಜವಾಗಿ ಬಳಸಿರುವ ದೋಷಗಳನ್ನು ಅಮೆರಿಕ ಸರ್ಕಾರದ ಸೈಬರ್ ಸೆಕ್ಯುರಿಟಿ ಸಂಸ್ಥೆ ಸಿಸಾ 2021ರಿಂದ ಕೆಇವಿ ಅನ್ನುವ ಪಟ್ಟಿಯಲ್ಲಿ ಹಾಕುತ್ತಿದೆ. ಅದರ ಜೊತೆ ತಾಳೆ ನೋಡಿತು. ದೋಷ ಇರುವ ಪೋರ್ಟ್, ಅಂದರೆ ನೆಟ್‌ವರ್ಕ್‌ನಿಂದ ಒಳಗೆ ಬರುವ ಬಾಗಿಲು, ನಮ್ಮಲ್ಲಿ ತೆರೆದಿದೆಯಾ ಅಂತಲೂ ನೋಡಿತು. ಕೊನೆಗೆ ಎಲ್ಲಕ್ಕಿಂತ ಮೇಲೆ ಬಂದದ್ದು ಒಂದು ಮಂಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಓಡುವ ಟಾಮ್‌ಕ್ಯಾಟ್ 9.0.30 ಅನ್ನುವ ವೆಬ್ ಸರ್ವರ್. ದೋಷದ ನಂಬರ್ ಸಿವಿಇ-2020-1938, ಘೋಸ್ಟ್‌ಕ್ಯಾಟ್ ಅಂತ ಕರೆಯುತ್ತಾರೆ. ಟಾಮ್‌ಕ್ಯಾಟ್ ಬೇರೆ ವೆಬ್ ಸರ್ವರ್ ಜೊತೆ ಮಾತಾಡುವ ಎಜೆಪಿ ಅನ್ನುವ ದಾರಿ 8009 ಪೋರ್ಟ್‌ನಲ್ಲಿರುತ್ತದೆ, ಅದರ ಮೂಲಕ ಆಪ್‌ನ ಫೈಲುಗಳನ್ನು ಹೊರಗಿನವರು ಓದಿಬಿಡಬಹುದು, ಅದರಲ್ಲಿ ಪಾಸ್‌ವರ್ಡ್ ಇಟ್ಟ ಕಾನ್ಫಿಗ್ ಫೈಲೂ ಸೇರುತ್ತದೆ. 9.0.31ರಲ್ಲಿ ಸರಿಮಾಡಿದ್ದಾರೆ.

'ಅಪ್‌ಗ್ರೇಡ್ ಮಾಡಿ' ಅಂತ ಹೇಳಿ ಅದು ಕೈತೊಳೆದುಕೊಳ್ಳಲಿಲ್ಲ. ನನಗೆ ಇಷ್ಟವಾದದ್ದು ಅದೇ. ಈ ಸರ್ವರ್‌ನಲ್ಲಿ ಎಜೆಪಿ ಯಾರೂ ಬಳಸುತ್ತಿಲ್ಲ, ಸರ್ವರ್ ಡಾಟ್ ಎಕ್ಸ್‌ಎಂಎಲ್ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ ಎಜೆಪಿ ಕನೆಕ್ಟರ್ ಸಾಲನ್ನು ಇವತ್ತೇ ಕಾಮೆಂಟ್ ಮಾಡಿ, ಅಂದರೆ ಕೆಲಸ ಮಾಡದಂತೆ ಗುರುತು ಹಾಕಿ ಅಂದಿತು. ವರ್ಷನ್ ಏರಿಸುವುದನ್ನು ಇನ್ನೊಂದು ಮಷಿನ್‌ನಲ್ಲಿ ಟೆಸ್ಟ್ ಮಾಡಿ, ಆಮೇಲೆ ನಿಧಾನಕ್ಕೆ ಮಾಡಿ ಅಂದಿತು. ಏನಾದರೂ ಕೆಟ್ಟರೆ ಮೊದಲಿನಂತೆ ಮಾಡುವುದು ಹೇಗೆ ಅನ್ನುವುದನ್ನೂ ಬರೆದಿತ್ತು. ಒಂದು ಸಾಲು, ಒಂದು ರೀಸ್ಟಾರ್ಟ್. ಮತ್ತೆ ಸ್ಕ್ಯಾನ್ ಮಾಡಿದರೆ 8009 ಮುಚ್ಚಿತ್ತು.

ಸುಳ್ಳು ಕೂಗುಗಳನ್ನೂ ಚೆನ್ನಾಗಿ ಹಿಡಿಯುತ್ತದೆ. ಉಬುಂಟು 22.04 ಲಿನಕ್ಸ್‌ನಲ್ಲಿ ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ 8.9 ನೋಡಿದ ಕೂಡಲೇ ಸ್ಕ್ಯಾನರ್ 2024ರ ಸಿವಿಇ-2024-6387 ದೋಷ ಇದೆ ಅಂತ ಕೂಗುತ್ತಿತ್ತು. ಉಬುಂಟುದವರು ವರ್ಷನ್ 8.9 ಅಂತಲೇ ಉಳಿಸಿ ಅದರೊಳಗೇ ಪ್ಯಾಚ್ ಹಾಕಿರುತ್ತಾರೆ. ಏಜೆಂಟ್ ಪ್ಯಾಕೇಜ್‌ನ ಪೂರ್ತಿ ನಂಬರ್ ಓದಿ, ಇದು ಆಗಲೇ ಸರಿಯಾಗಿದೆ ಅಂತ ಪಕ್ಕಕ್ಕಿಟ್ಟಿತು.

ಆದರೆ ಟೈಮು ಹಾಕಿದ್ದು ನೋಡಬೇಕು! ರೀಸ್ಟಾರ್ಟ್‌ಗೆ ಅದು ಆರಿಸಿದ್ದು ಭಾನುವಾರ ರಾತ್ರಿ 2 ಗಂಟೆ. ಬಳಕೆ ಕಡಿಮೆ ಇರುವ ಹೊತ್ತಂತೆ. ಬೆಂಗಳೂರಿನ ಆಫೀಸುಗಳಿಗೆ ಅದು ಸರಿ. ಸೀಸನ್‌ನಲ್ಲಿ ನಮ್ಮ ಯಾರ್ಡ್‌ಗೆ ಆ ಹೊತ್ತಿಗೇ ಗಾಡಿ ಮೇಲೆ ಗಾಡಿ ಬರುತ್ತದೆ. 15 ಕೆಜಿ ಬಾಕ್ಸ್‌ಗಳು ಇಳಿಯುತ್ತಿರುತ್ತವೆ, ರೈತರ ಹೆಸರಿಗೆ ಎಂಟ್ರಿ ಆಗುತ್ತಿರುತ್ತದೆ. ಬೆಳಗ್ಗೆ ಹರಾಜು. ಪುರುಸೊತ್ತು ಅಂತ ಸಿಗುವುದು ಮಧ್ಯಾಹ್ನದ ಮೇಲೇ. ಸಾಹುಕಾರ್ರಿಗೆ ಪ್ಲ್ಯಾನ್ ತೋರಿಸಿದರೆ, "ಏನಮ್ಮಾ, ಮಾಲು ಇಳೀತಿರೋವಾಗ ಕಂಪ್ಯೂಟರ್ ನಿಲ್ಲಿಸ್ತೀಯಾ? ಇದನ್ನ ಬರೆದೋನು ಯಾವತ್ತಾದ್ರೂ ಮಂಡಿ ನೋಡಿದಾನಾ?" ಅಂದರು. 2023ರ ಜುಲೈನಲ್ಲಿ ಬಾಕ್ಸ್ ರೇಟು 2,000 ರೂಪಾಯಿ ದಾಟಿದ್ದನ್ನು ಕಂಡವರು ಅವರು. ಬಿಲ್ಲಿಂಗ್ ಅರ್ಧ ಗಂಟೆ ನಿಂತರೆ ಏನಾಗುತ್ತದೆ ಅಂತ ಅವರಿಗೆ ಹೇಳಿಕೊಡಬೇಕಿಲ್ಲ.

ಯಾರ್ಡ್‌ನ ದಿನಚರಿ ಬರೆದುಕೊಟ್ಟ ಮೇಲೆ ತಕ್ಷಣ ಮಧ್ಯಾಹ್ನ 3ಕ್ಕೆ ಬದಲಾಯಿಸಿತು. ಹೇಳಿದರೆ ಕೇಳುತ್ತದೆ, ತಾನಾಗಿ ವಿಚಾರಿಸುವುದಿಲ್ಲ. 'ನಿಮ್ಮಲ್ಲಿ ಯಾವಾಗ ಕೆಲಸ ಜಾಸ್ತಿ' ಅಂತ ಮೊದಲೇ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು, ಅಲ್ವಾ? ಪ್ಲ್ಯಾನ್‌ನಲ್ಲಿ ಯಾವ ಕೆಲಸ ಯಾರದ್ದು ಅನ್ನುವ ಕಾಲಂ ಒಂದಿದೆ. ಅದರಲ್ಲಿ ಸೆಕ್ಯುರಿಟಿ ಟೀಮ್, ನೆಟ್‌ವರ್ಕ್ ಟೀಮ್, ಬ್ಯಾಕಪ್ ಟೀಮ್ ಅಂತ ತುಂಬಿತ್ತು. ಮೂರೂ ನಾನೇ.

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ಜಾವಾ ಪ್ಯಾಕೇಜ್ ಒಂದಕ್ಕೆ ಎಲ್ಲೂ ಇಲ್ಲದ ವರ್ಷನ್ ನಂಬರ್ ಬರೆದು, ಇದನ್ನು ಹಾಕಿ ಅಂದಿತು. ಉಬುಂಟುನಲ್ಲಿ ಪ್ಯಾಕೇಜ್ ಹಾಕುವ ಆಪ್ಟ್ ಕಮಾಂಡ್ ಕೊಟ್ಟರೆ ಅಂಥದ್ದು ಸಿಗಲೇ ಇಲ್ಲ. ಸಿಗಲಿಲ್ಲ ಅಂತ ನಾನು ಹೇಳಿದಾಗ ಸಾರಿ ಕೇಳಿ ಇನ್ನೊಂದು ನಂಬರ್ ಕೊಟ್ಟಿತು, ಅಷ್ಟೇ ಧೈರ್ಯದಿಂದ. ಇಂಥದ್ದು ತಾನೇ ಕಮಾಂಡ್ ಓಡಿಸಿಕೊಂಡು ಹೋದರೆ ಹರಾಜಿನ ಹೊತ್ತಿಗೆ ನಾನು ಎಲ್ಲಿ ಓಡಲಿ? ಅದಕ್ಕೇ ಓದಲು ಮಾತ್ರ ಆಗುವ ಲಾಗಿನ್ ಕೊಟ್ಟಿದ್ದೇನೆ. ಸೆಟಪ್ ಪೇಜ್‌ನಲ್ಲಿ ಅದು ಮೊದಲು ಕೇಳುವುದೇ ಅಡ್ಮಿನ್ ಪಾಸ್‌ವರ್ಡ್. ಓದುವ ಲಾಗಿನ್ ಮಾತ್ರ ಕೊಡುವ ಆಯ್ಕೆ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿದೆ. ತಗೊಳ್ಳುವವರು ಹುಡುಕಿ ಅದನ್ನೇ ಒತ್ತಿ. ಹೊಸ ವರ್ಷನ್ ಯಾವುದು ಅನ್ನುವುದನ್ನು ಮಾತ್ರ ಆಯಾ ಸಾಫ್ಟ್‌ವೇರ್‌ನವರ ಸೆಕ್ಯುರಿಟಿ ಪುಟದಲ್ಲೇ ನೋಡಿಕೊಳ್ಳಿ.

ಒಂದೇ ಪಿಸಿ ಇರುವ ಅಂಗಡಿಗೆ ಇದು ಸುಮ್ನೆ ದಂಡ. ಆಟೋ ಅಪ್‌ಡೇಟ್ ಆನ್ ಮಾಡಿ, ದಿನಾ ಬ್ಯಾಕಪ್ ತೆಗೆದಿಟ್ಟರೆ ಸಾಕು. ನನ್ನ ಹಾಗೆ ಹತ್ತಾರು ಮಷಿನ್ ಒಬ್ಬರೇ ನೋಡುವವರಿಗೆ, ಪಟ್ಟಿ ಮುಂದೆ ತಲೆ ಹಿಡಿದು ಕೂರುವ ಟೈಮು ಉಳಿಯುತ್ತದೆ. ಬಿಲ್ ಡಾಲರ್‌ನಲ್ಲಿ, ಮಷಿನ್ ಲೆಕ್ಕದಲ್ಲಿ ಬರುತ್ತದೆ. ಸೀಸನ್ ಇಳಿದ ಮೇಲೆ ಆಫ್ ಮಾಡಿಟ್ಟ ಪಿಸಿಗಳಿಗೂ ಹಾಕಿದ್ದಾರೆ. ಅವನ್ನು ತೆಗೆಯಿರಿ ಅಂತ ಮೇಲ್ ಹಾಕಿದ್ದೆ. ಆ ಪಿಸಿಗಳಿಗೆ ಯಾವ ಪ್ಯಾಚ್ ಹಾಕಬೇಕು ಅಂತ ಉದ್ದದ ಉತ್ತರ ಬಂದಿದೆ.