ಗಬ್ಬದ ಕುದುರೆಗಳಿಗೆ ಲಾಯದಲ್ಲೇ ತಪಾಸಣೆ: ಒಂದು ಸಂಚಾರಿ ಪಶುವೈದ್ಯ ಸೇವೆಯ ಬಗ್ಗೆ

ಕುಣಿಗಲ್ ಮತ್ತು ಮಾಗಡಿಯ ನಡುವಿನ ತೋಟಗಳಲ್ಲಿ ಒಂದೆರಡು ಕುದುರೆ ಸಾಕಿಕೊಂಡಿರುವ ನಮ್ಮಂಥವರ ಲಾಯಕ್ಕೇ ಬಂದು, ಗಬ್ಬ ಕಟ್ಟಿಸಿದಲ್ಲಿಂದ ಮರಿ ಎದ್ದು ಹಾಲು ಕುಡಿಯುವವರೆಗೆ ನೋಡಿಕೊಳ್ಳುವ ಇಬ್ಬರು ಪಶುವೈದ್ಯರ ಸೇವೆಯನ್ನು ನಾನು ಈಗ ಎರಡನೆಯ ಗಬ್ಬಕ್ಕೂ ಪಡೆಯುತ್ತಿದ್ದೇನೆ. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆಗೆ ಹೆಸರಾದ ಈ ಸೀಮೆಯಲ್ಲಿ ದೊಡ್ಡ ಫಾರಂಗಳಿಗೆ ತಮ್ಮದೇ ವೈದ್ಯರಿರುತ್ತಾರೆ. ಸಣ್ಣ ಸಾಕಣೆದಾರರಿಗೆ ಹಸು, ಎಮ್ಮೆ ನೋಡಿ ಅಭ್ಯಾಸವಿರುವ ವೈದ್ಯರೇ ಗತಿ. ಅವರ ಪರಿಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಕುದುರೆಯ ಗಬ್ಬವು ಹಸುವಿನ ಗಬ್ಬದಂತಲ್ಲ ಎಂಬುದನ್ನು ನಾನು ನಷ್ಟ ಅನುಭವಿಸಿ ಕಲಿತೆ.

ಮೂರು ವರ್ಷಗಳ ಹಿಂದೆ, ಈ ಸೇವೆಯ ಪರಿಚಯವಾಗುವ ಮೊದಲು, ನನ್ನ ಕುದುರೆ ಎಂಟನೆಯ ತಿಂಗಳಲ್ಲಿ ಅವಳಿ ಮರಿಗಳನ್ನು ಕಂದು ಹಾಕಿತು. ಆಗ ನೋಡಿದ ವೈದ್ಯರು ಎರಡು ತಿಂಗಳು ಕಳೆದ ಮೇಲೆ ಒಮ್ಮೆ ಕೈಹಾಕಿ ನೋಡಿ ಗಬ್ಬ ನಿಂತಿದೆ ಎಂದಷ್ಟೇ ಹೇಳಿದ್ದರು. ಕುದುರೆಯಲ್ಲಿ ಮಾಸು ಗರ್ಭಕೋಶದ ಇಡೀ ಒಳಮೈಗೆ ಹರಡಿ ಅಂಟಿಕೊಳ್ಳುವುದರಿಂದ, ಎರಡು ಮರಿಗಳಿದ್ದರೆ ಇಬ್ಬರಿಗೂ ಜಾಗ ಸಾಲದೆ, ಹೆಚ್ಚಿನ ಅವಳಿ ಗರ್ಭಗಳು ನಿಲ್ಲುವುದೇ ಇಲ್ಲ. ಈ ಸೇವೆಯವರು ಮೊದಲ ಸ್ಕ್ಯಾನನ್ನು 14ರಿಂದ 16ನೆಯ ದಿನದೊಳಗೆ ಮಾಡಲೇಬೇಕೆಂದು ಪಟ್ಟು ಹಿಡಿಯುವುದು ಇದೇ ಕಾರಣಕ್ಕೆ. ಆ ದಿನಗಳಲ್ಲಿ ಭ್ರೂಣದ ಗುಳ್ಳೆಗಳು ಗರ್ಭಕೋಶದೊಳಗೆ ಇನ್ನೂ ಓಡಾಡುತ್ತಿರುತ್ತವೆ. ಎರಡು ಕಂಡರೆ ಒಂದನ್ನು ಬೇರ್ಪಡಿಸಿ ಕೈಯಿಂದಲೇ ಒತ್ತಿ ತೆಗೆಯಬಹುದು. ಅವು ಅಕ್ಕಪಕ್ಕ ನೆಲೆಯೂರಿದ ಮೇಲೆ ಈ ಕೆಲಸ ಬಹಳ ಕಷ್ಟ. ಹೃದಯ ಬಡಿತ ನೋಡುವ ಎರಡನೆಯ ಸ್ಕ್ಯಾನನ್ನು ಅವರು 28ನೆಯ ದಿನದ ಸುಮಾರಿಗೆ ಇಟ್ಟುಕೊಳ್ಳುತ್ತಾರೆ. 35ನೆಯ ದಿನದ ನಂತರ ಗರ್ಭ ಹೋದರೆ ಹಾರ್ಮೋನುಗಳ ಕಾರಣದಿಂದ ಕುದುರೆ ಬಹುಕಾಲ ಬೆದೆಗೆ ಬಾರದೆ ಇಡೀ ಋತುವೇ ಕೈತಪ್ಪುತ್ತದೆ ಎಂದು ಅವರು ಆಗಲೇ ತಿಳಿಸಿ ಹೇಳಿದರು. ಹೀಗೆ ಕಾರಣ ಸಹಿತ ದಿನ ಗೊತ್ತುಮಾಡಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆದರೂ ಈ ಸೇವೆಯ ನಿಜವಾದ ಬೆಲೆ ನನಗೆ ತಿಳಿದದ್ದು ಏನೂ ನಡೆಯುತ್ತಿಲ್ಲವೆಂದು ನಾವು ಭಾವಿಸುವ ತಿಂಗಳುಗಳಲ್ಲಿ. ಕುದುರೆಯ ಗಬ್ಬ ಸುಮಾರು 340 ದಿನಗಳದ್ದು. ಸಾಕಣೆದಾರರು ಮೊದಲ ಸ್ಕ್ಯಾನಿಗೆ ಹಣ ಕೊಟ್ಟು, ಈಯುವ ಹೊತ್ತಿಗೆ ಮತ್ತೆ ವೈದ್ಯರನ್ನು ನೆನೆಯುತ್ತಾರೆ. ಇವರು ಏಳನೆಯ ತಿಂಗಳಿನಿಂದ ಪ್ರತಿ ತಿಂಗಳೂ ಬಂದು ಗರ್ಭಕೋಶದ ಗೋಡೆ ಮತ್ತು ಮಾಸುಗಳ ಒಟ್ಟು ದಪ್ಪವನ್ನು ಅಳೆಯುತ್ತಾರೆ. ಒಂದು ಭೇಟಿಗೆ 4,500 ರೂಪಾಯಿ, ಪ್ರಯಾಣದ ಖರ್ಚು ಬೇರೆ. ಅನಗತ್ಯ ಖರ್ಚೇನೋ ಎಂದು ನನಗೂ ಅನ್ನಿಸಿತ್ತು. 14 ವರ್ಷದ ನನ್ನ ಕುದುರೆ ಚೆನ್ನಾಗಿ ಮೇಯುತ್ತಿತ್ತು, ಜ್ವರವಿರಲಿಲ್ಲ. ಕೆಚ್ಚಲು ಮಾತ್ರ ಸ್ವಲ್ಪ ತುಂಬಿದಂತೆ ಕಾಣುತ್ತಿತ್ತು, ಅದನ್ನು ನಾನು ಶುಭಸೂಚನೆಯೆಂದೇ ತಿಳಿದಿದ್ದೆ. 285ನೆಯ ದಿನದ ಸ್ಕ್ಯಾನಿನಲ್ಲಿ, 8 ಮಿಲಿಮೀಟರಿನೊಳಗೆ ಇರಬೇಕಾದ ಆ ದಪ್ಪ 11 ಮಿಲಿಮೀಟರ್ ಇತ್ತು. ಗರ್ಭಕೋಶದ ಕೊರಳಿನ ಮೂಲಕ ಬ್ಯಾಕ್ಟೀರಿಯಾ ಮೇಲೇರಿ ಮಾಸಿಗೆ ಸೋಂಕು ತಗುಲಿತ್ತು. ಕಾಲಕ್ಕೆ ಮುಂಚೆ ತುಂಬುವ ಕೆಚ್ಚಲು ಹಿಗ್ಗುವ ವಿಷಯವಲ್ಲ, ಎಚ್ಚರಿಕೆ ಎಂದು ವೈದ್ಯರು ಹೇಳಿದಾಗ ನನ್ನ ಕೈಕಾಲು ತಣ್ಣಗಾದವು. ಆ ದಿನವೇ ಆಂಟಿಬಯಾಟಿಕ್, ಉರಿಯೂತ ಇಳಿಸುವ ಔಷಧ ಹಾಗೂ ಗರ್ಭ ನಿಲ್ಲಲು ಪ್ರೊಜೆಸ್ಟಿನ್ ಎಂಬ ಹಾರ್ಮೋನು ಔಷಧ ಆರಂಭಿಸಿ, ಹತ್ತು ದಿನಕ್ಕೊಮ್ಮೆ ಬಂದು ಅಳತೆ ನೋಡಿದರು.

ಈಯುವ ರಾತ್ರಿ, 331ನೆಯ ದಿನ, ಈ ಸೇವೆಯ ದೊಡ್ಡ ಕೊರತೆಯೂ ದೊಡ್ಡ ಗುಣವೂ ಒಟ್ಟಿಗೇ ಗೋಚರಿಸಿದವು. ಯೋನಿದ್ವಾರದಲ್ಲಿ ಬಿಳಿಯ ಪೊರೆ ಕಾಣುವ ಬದಲು ಮಖಮಲ್ಲಿನಂಥ ಕೆಂಪು ಚೀಲ ಕಂಡಿತು. ಮಾಸು ಗರ್ಭಕೋಶದಿಂದ ಮೊದಲೇ ಬಿಡಿಸಿಕೊಂಡಿದೆ, ಒಳಗಿರುವ ಮರಿಗೆ ಉಸಿರು ನಿಲ್ಲುತ್ತಿದೆ ಎಂಬುದರ ಗುರುತು ಅದು. ರಾತ್ರಿ ಕರೆಗೆಂದು ಕೊಟ್ಟಿದ್ದ ಸಂಖ್ಯೆಗೆ ನಾನು ಆರು ಸಲ ಕರೆ ಮಾಡಿದರೂ ಯಾರೂ ಎತ್ತಲಿಲ್ಲ. ಆದರೆ ಎರಡು ವಾರಗಳ ಹಿಂದೆ ಅವರೇ ಕುದುರೆ ನೋಡಿಕೊಳ್ಳುವ ನಮ್ಮ ಸೈಸ್‌ನನ್ನು ಕೂರಿಸಿಕೊಂಡು, ಚಿತ್ರ ತೋರಿಸಿ, ಕೆಂಪು ಕಂಡರೆ ಯಾರಿಗೂ ಕಾಯದೆ ಕತ್ತರಿಸು ಎಂದು ಕಲಿಸಿ, ಮೊಂಡು ತುದಿಯ ಕತ್ತರಿಯೊಂದನ್ನು ಲಾಯದ ಬಾಗಿಲಿಗೆ ಕಟ್ಟಿಹೋಗಿದ್ದರು. ಅವನು ಚೀಲ ಸೀಳಿ, ಕುದುರೆ ತಿಣುಕಿದಾಗಲೆಲ್ಲ ಮರಿಯ ಮುಂಗಾಲು ಹಿಡಿದು ಕೆಳಮುಖವಾಗಿ ಎಳೆದ. ಹೆಣ್ಣು ಮರಿ ಜೀವಂತವಾಗಿ ಹೊರಬಂತು. ಅದು ಎದ್ದು ನಿಲ್ಲಲು ಒಂದು ಗಂಟೆಯ ಬದಲು ಒಂದೂ ಮುಕ್ಕಾಲು ಗಂಟೆ ಹಿಡಿಯಿತು. ಆ ಹೊತ್ತನ್ನು ನಾನು ಮರೆಯಲಾರೆ.

ಬೆಳಗಿನ ಜಾವ ಬಂದ ವೈದ್ಯರು ಕ್ಷಮೆ ಕೇಳಿ, ಬಕೆಟ್ಟಿನಲ್ಲಿ ಎತ್ತಿಟ್ಟಿದ್ದ ಮಾಸನ್ನು ನೆಲದ ಮೇಲೆ ಹರಡಿ ಗರ್ಭಕೋಶದ ಎರಡು ಕವಲುಗಳೊಳಗೆ ಚಾಚಿರುವ ಅದರ ಎರಡೂ ಕೊಂಬುಗಳ ತುದಿ ಪೂರ್ತಿಯಾಗಿವೆಯೇ ಎಂದು ನೋಡಿದರು. ಮೂರು ಗಂಟೆಯೊಳಗೆ ಮಾಸು ಬೀಳದಿದ್ದರೆ, ಅಥವಾ ಅದರ ಚೂರೊಂದು ಒಳಗುಳಿದರೂ, ನಂಜೇರಿ ಗೊರಸಿನ ಒಳಪದರಕ್ಕೆ ಉರಿಯೂತ ತಗುಲಿ ಕುದುರೆಯ ಪ್ರಾಣಕ್ಕೇ ಅಪಾಯ. ಮರುದಿನ ಮರಿಯ ರಕ್ತ ಪರೀಕ್ಷಿಸಿ, ಗಿಣ್ಣುಹಾಲಿನಿಂದ ಬರಬೇಕಾದ ರೋಗನಿರೋಧಕ ಅಂಶ ಡೆಸಿಲೀಟರಿಗೆ 800 ಮಿಲಿಗ್ರಾಮಿಗಿಂತ ಹೆಚ್ಚಿದೆ ಎಂದು ಖಾತ್ರಿಪಡಿಸಿದರು.

ಕೊರತೆಗಳು ಇನ್ನೂ ಇವೆ. ವರದಿಯನ್ನು ಇಂಗ್ಲಿಷಿನಲ್ಲಿ ಮಾತ್ರ ಕೊಡುತ್ತಾರೆ. ಲಾಯದಲ್ಲಿ ರಾತ್ರಿ ಕಾಯುವ ಸೈಸ್‌ಗೆ ಅದು ಓದಲು ಬಾರದು, ಓದಬೇಕಾದವನು ಅವನೇ. ಗರ್ಭಕೋಶ ತಿರುಚಿಕೊಂಡಂಥ ಸಂದರ್ಭಗಳಲ್ಲಿ ಇವರು ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಕೊನೆಯ ತಿಂಗಳುಗಳಲ್ಲಿ ಕುದುರೆ ಹೊಟ್ಟೆನೋವಿನಿಂದ ಹೊರಳಾಡಿದರೆ ಬೆಂಗಳೂರಿಗೆ ಸಾಗಿಸಲು ವಾಹನವನ್ನು ನಾವೇ ಗೊತ್ತುಮಾಡಿಟ್ಟಿರಬೇಕು. ಕಂದು ಹಾಕಿಸುವ ಹರ್ಪಿಸ್ ವೈರಸ್ಸಿನ ವಿರುದ್ಧ ಐದು, ಏಳು, ಒಂಬತ್ತನೆಯ ತಿಂಗಳಲ್ಲಿ ಲಸಿಕೆ ಹಾಕಿಸಲು ಹೇಳುವುದಲ್ಲದೆ, ಹೊರಗೆ ಓಡಾಡಿ ಬರುವ ಕುದುರೆಗಳನ್ನು ಗಬ್ಬದವುಗಳಿಂದ ದೂರ ಕಟ್ಟಿಸುತ್ತಾರೆ. ಒಂದೇ ಲಾಯವಿರುವವರಿಗೆ ಇದು ತೊಡಕೇ ಸರಿ. ಆದರೂ ನಾನು ಹುಣಸೆ ಮರದ ಬದಿಗೆ ಬೇರೆ ಚಪ್ಪರ ಹಾಕಿಸಿದೆ.

ಈಗ ಅದೇ ಕುದುರೆಗೆ ಏಳನೆಯ ತಿಂಗಳು. ಮಾಸಿಕ ಭೇಟಿಗಳಿಗೆ ಮುಂಗಡ ಕೊಟ್ಟಿದ್ದೇನೆ. ಇಬ್ಬರು ವೈದ್ಯರ ಸ್ವಂತ ಸಂಖ್ಯೆಗಳನ್ನೂ ಕೇಳಿ ಪಡೆದು, ಕತ್ತರಿ ನೇತಾಡುವ ಬಾಗಿಲಿನ ಮೇಲೆ ಕನ್ನಡದ ಅಂಕಿಗಳಲ್ಲಿ ದೊಡ್ಡದಾಗಿ ಬರೆಸಿದ್ದೇನೆ.