ಬರ್ಕ್ ಹೆಸರಿನ ಊರು ಹುಡುಕಲು: ಐರ್ಲೆಂಡ್ ಸರ್ಕಾರದ ಉಚಿತ ವಂಶ ದಾಖಲೆ ಸೇವೆ ಹೇಗಿದೆ?

ಮೈಸೂರು, ಶ್ರೀರಂಗಪಟ್ಟಣದ ಕಡೆ ಐರಿಷ್ ಹೆಸರಿನ ಮನೆತನದವರಿಗೂ, ಹಳೆಯ ಗೋರಿಕಲ್ಲಿನ ಹೆಸರಿನ ಬೆನ್ನು ಹತ್ತಿದ ಇತಿಹಾಸದ ವಿದ್ಯಾರ್ಥಿಗಳಿಗೂ ಇಂಟರ್‌ನೆಟ್‌ನಲ್ಲಿ ಎರಡು ಬಗೆಯ ಸರಕು ಸಿಗುತ್ತದೆ. ದುಡ್ಡು ಕಟ್ಟಿದರೆ ಹೆಸರಿನ ಇತಿಹಾಸವನ್ನೂ ಲಾಂಛನವನ್ನೂ ಅಚ್ಚು ಹಾಕಿ, ಕಟ್ಟು ಹಾಕಿಸಿ ಕಳಿಸುವ ಪಟ ಒಂದು. ಐರ್ಲೆಂಡ್ ಸರ್ಕಾರವೇ ನಡೆಸುವ 'ಐರಿಷ್ ಜೀನಿಯಾಲಜಿ ಡಾಟ್ ಐಇ' ಇನ್ನೊಂದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಚಂದಾ ಇಲ್ಲ. ಮೂಲ ರಿಜಿಸ್ಟರಿನ ಪುಟವೇ ಚಿತ್ರವಾಗಿ ಕೈಗೆ ಬರುತ್ತದೆ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಉಳಿದ ಒಂದು ಅಂಕ ಎಲ್ಲಿ ಹೋಯಿತು ಎನ್ನುವುದನ್ನು ಬರ್ಕ್ ಎಂಬ ಹೆಸರನ್ನೇ ಇಟ್ಟುಕೊಂಡು ನೋಡೋಣ.

ಈ ಹೆಸರು ನಮಗೆ ಹೊಸದಲ್ಲ. ಬೆಂಗಳೂರಿನ ಮೇಯೊ ಹಾಲ್‌ಗೆ ಹೆಸರು ಕೊಟ್ಟ ವೈಸ್‌ರಾಯ್ ಲಾರ್ಡ್ ಮೇಯೊ ಹುಟ್ಟಿನಿಂದ ರಿಚರ್ಡ್ ಬರ್ಕ್. 1872ರ ಫೆಬ್ರುವರಿ 8ರಂದು ಪೋರ್ಟ್ ಬ್ಲೇರಿನಲ್ಲಿ ಕೊಲೆಯಾದವರು. ಇಷ್ಟು ಐರಿಷ್ ಅನ್ನಿಸುವ ಈ ಹೆಸರಿನ ಮೂಲ ಐರ್ಲೆಂಡಿನದಲ್ಲ. 1185ರಲ್ಲಿ ರಾಜಕುಮಾರ ಜಾನ್ ಜೊತೆ ಇಂಗ್ಲೆಂಡಿನಿಂದ ಬಂದಿಳಿದ ವಿಲಿಯಂ ಡಿ ಬರ್ಗ್ ಎಂಬ ನಾರ್ಮನ್ ಸರದಾರನಿಂದ ಅದು ಶುರು. ಅವನ ಮಗನ ಕಾಲದಲ್ಲಿ ಪಶ್ಚಿಮದ ಕೊನಾಟ್ ಪ್ರಾಂತ್ಯ ಮನೆತನದ ವಶವಾಯಿತು. 1333ರಲ್ಲಿ ಅರ್ಲ್ ಎಂಬ ಪದವಿ ಹೊತ್ತಿದ್ದ ಮನೆತನದ ಯಜಮಾನ ಕೊಲೆಯಾದ ಮೇಲೆ ದಾಯಾದಿಗಳು ಹೊಡೆದಾಡಿ ಬೇರೆಯಾದರು: ಗಾಲ್ವೇ ಕಡೆಯ ಕ್ಲ್ಯಾನ್‌ರಿಕಾರ್ಡ್ ಶಾಖೆ, ಮೇಯೊ ಶಾಖೆ, ಲಿಮೆರಿಕ್ ಶಾಖೆ. ಬಂದವರು ಐರಿಷ್ ಭಾಷೆ, ಐರಿಷ್ ಕಾನೂನು, ಐರಿಷ್ ನಡೆನುಡಿ ಎಲ್ಲವನ್ನೂ ತಮ್ಮದಾಗಿಸಿಕೊಂಡರು. ಡಿ ಬರ್ಗ್ ಎನ್ನುವುದು ಡಿ ಬೂರ್ಕಾ ಆಗಿ, ಮುಂದೆ ಬರ್ಕ್ ಎಂದು ಉಳಿಯಿತು.

ಹುಡುಕುವವರಿಗೆ ಇದರಿಂದ ನೇರ ಪ್ರಯೋಜನವಿದೆ. ಇಂಗ್ಲಿಷಿನಲ್ಲಿ ಈ ಹೆಸರನ್ನು 'ಯು' ಒಂದನ್ನೇ ಹಾಕಿ ಬರೆಯುವುದುಂಟು, 'ಒ' ಮತ್ತು 'ಯು' ಎರಡನ್ನೂ ಸೇರಿಸಿ ಬರೆಯುವುದುಂಟು, ಕೊನೆಯ 'ಇ' ಬಿಡುವುದೂ ಉಂಟು. ಮೇಯೊ, ಲಿಮೆರಿಕ್, ಟಿಪ್ಪರೇರಿ ಕಡೆ 'ಒಯು' ಹೆಚ್ಚು. ಪ್ರತಿ ಕಾಗುಣಿತವನ್ನೂ ಬೇರೆಬೇರೆಯಾಗಿ ಹಾಕಿ ನೋಡಲೇಬೇಕು. ಇದೇ ಬಳ್ಳಿಯ ಕೆಲವು ಕವಲುಗಳು ಜೆನ್ನಿಂಗ್ಸ್, ಗಿಬ್ಬನ್ಸ್, ಫಿಲ್ಬಿನ್ ಎಂಬ ಪೂರಾ ಬೇರೆ ಹೆಸರುಗಳಾಗಿವೆ. ನಮ್ಮಲ್ಲಿ ಒಂದೇ ಬೆಡಗಿನವರು ಬೇರೆ ಬೇರೆ ಮನೆಹೆಸರು ಹೊತ್ತಿರುವ ಹಾಗೆ.

ಹೆಸರು ಬದಲಾಗಲು ಶತಮಾನಗಳೇ ಬೇಕಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವ ವೆಲ್ಲೆಸ್ಲಿ ಸೇತುವೆಯ ಹೆಸರನ್ನೇ ತೆಗೆದುಕೊಳ್ಳಿ. ಆ ಐರಿಷ್ ಮನೆತನದ ಗಂಡುಸಂತಾನದ ಮೂಲ ಹೆಸರು ಕೋಲಿ. 1728ರಲ್ಲಿ ನೆಂಟರ ಆಸ್ತಿ ಬಂದಾಗ ಅದರ ಜೊತೆಗೆ ವೆಸ್ಲಿ ಎಂಬ ಹೆಸರೂ ಬಂತು. ಆ ಮನೆತನದ ಸೇನಾಧಿಕಾರಿ, ಡಬ್ಲಿನ್ನಿನಲ್ಲಿ ಬೆಳೆದ ಆರ್ಥರ್ 1797ರಲ್ಲಿ ಭಾರತಕ್ಕೆ ಬಂದಾಗ ಆರ್ಥರ್ ವೆಸ್ಲಿ. 1798ರಿಂದ ವೆಲ್ಲೆಸ್ಲಿ ಎಂದು ಸಹಿ ಹಾಕತೊಡಗಿದರು. 1799ರ ಮೇ 4ರಂದು ಪಟ್ಟಣ ಬಿದ್ದಾಗ ಅವರ ಹೊಸ ಹೆಸರಿಗೆ ಒಂದೇ ವರ್ಷ ವಯಸ್ಸು. ಕಾಗದಪತ್ರದಲ್ಲಿ 'ವೆಲ್ಲೆಸ್ಲಿ' ಎಂದಷ್ಟೇ ಹುಡುಕಿದವರಿಗೆ ಅದಕ್ಕೆ ಹಿಂದಿನ ಆರ್ಥರ್ ಸಿಗುವುದೇ ಇಲ್ಲ.

ಈಗ ಸೇವೆಗೆ ಬರೋಣ. ಜನನ ದಾಖಲೆ 1864ರಿಂದ ಇದೆ. ಕ್ಯಾಥೊಲಿಕರಲ್ಲದವರ ಮದುವೆ 1845ರ ಏಪ್ರಿಲ್‌ನಿಂದ, ಎಲ್ಲರ ಮದುವೆ 1864ರಿಂದ. ಜನನವಾಗಿ 100 ವರ್ಷ, ಮದುವೆಯಾಗಿ 75, ಮರಣವಾಗಿ 50 ವರ್ಷ ಕಳೆದ ದಾಖಲೆಗಳಷ್ಟೇ ತೆರೆಯುತ್ತವೆ. ಹೆಸರು, ವರ್ಷದ ಅವಧಿ, ನೋಂದಣಿ ಜಿಲ್ಲೆ ತುಂಬಿ ಹುಡುಕಬೇಕು. ಚಿತ್ರ ತೆರೆಯುವ ಮುಂಚೆ ನಿಮ್ಮ ಹೆಸರು ಟೈಪ್ ಮಾಡಿ ಒಪ್ಪಿಗೆಯ ಚೌಕಕ್ಕೆ ಟಿಕ್ ಹಾಕಬೇಕು, ಅಷ್ಟೇ.

ಬರೀ ಜಾನ್ ಬರ್ಕ್ ಎಂದು ಕೊಟ್ಟರೆ ಉತ್ತರಗಳ ರಾಶಿಯೇ ಬಂದು ಬೀಳುತ್ತದೆ. ಮೊದಲು ಮದುವೆ ದಾಖಲೆ ಹಿಡಿಯಿರಿ. ಅದರಲ್ಲಿ ಗಂಡು ಹೆಣ್ಣು ಇಬ್ಬರ ತಂದೆಯ ಹೆಸರೂ ಕಸುಬೂ ಇರುತ್ತವೆ, ಸಾಕ್ಷಿಗಳ ಹೆಸರಿರುತ್ತದೆ. ಸಾಕ್ಷಿ ಹಾಕಿದವರು ಬಹುತೇಕ ಒಡಹುಟ್ಟಿದವರೋ ನೆಂಟರೋ ಆಗಿರುತ್ತಾರೆ. ಆಮೇಲೆ ಜನನ: ತಾಯಿಯ ತವರಿನ ಹೆಸರು ಸಿಗುವುದು ಅಲ್ಲೇ. ಸೂಚಿಯ ಸಾಲನ್ನಷ್ಟೇ ನಂಬಿ ಕೂರಬೇಡಿ, ಹಳೆಯ ವರ್ಷಗಳಿಗೆ ತಾಯಿಯ ಹೆಸರು ಕಾಣಿಸುವುದು ಚಿತ್ರ ತೆರೆದಾಗಲೇ. ಮರಣ ದಾಖಲೆಯಲ್ಲಿ ತಂದೆತಾಯಿಯ ಹೆಸರು ಇರುವುದಿಲ್ಲವಾದ್ದರಿಂದ ಅದು ಕೊನೆಗಿರಲಿ.

ಅತಿ ಹೆಚ್ಚು ಜನ ಎಡವುವುದು 'ಜಿಲ್ಲೆ' ಎಂಬ ಪದದಲ್ಲಿ. ನೋಂದಣಿ ಜಿಲ್ಲೆ ಎಂದರೆ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗ, ಅಲ್ಲ. ಬಡವರ ಪರಿಹಾರಕ್ಕಾಗಿ ಮಾಡಿದ್ದ ಯೂನಿಯನ್ ಎಂಬ ವಿಭಾಗ ಅದು, ಕೌಂಟಿಯ ಗಡಿಗೆ ಅದು ಲೆಕ್ಕ ಇಡುವುದಿಲ್ಲ. ಮೈಸೂರು ಜಿಲ್ಲೆಯ ಕೆ.ಆರ್. ನಗರ ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಇರುವ ಹಾಗೆ. ಬ್ಯಾಲಿನಸ್ಲೋ ನೋಂದಣಿ ಜಿಲ್ಲೆ ಗಾಲ್ವೇ, ರಾಸ್‌ಕಾಮನ್ ಎರಡರಲ್ಲೂ ಹರಡಿದೆ. ರಾಸ್‌ಕಾಮನ್ ಕೌಂಟಿಯ ಬರ್ಕ್ ಮನೆಯ ಮಗು ಬ್ಯಾಲಿನಸ್ಲೋ ಎಂದು ದಾಖಲಾಗಿದ್ದರೆ ಗಾಬರಿ ಬೇಡ. ನಿಮಗೆ ನಿಜವಾಗಿ ಬೇಕಾದದ್ದು ಟೌನ್‌ಲ್ಯಾಂಡ್. ಹೆಸರಿನಲ್ಲಿ ಟೌನ್ ಇದ್ದರೂ ಅದು ಪಟ್ಟಣವಲ್ಲ, ನಮ್ಮ ಕಂದಾಯ ಗ್ರಾಮದ ಹಾಗೆ ಗಡಿ ಹಾಕಿದ ನೆಲ. ಇಂಥವು 60,000ಕ್ಕೂ ಹೆಚ್ಚಿವೆ, ಒಂದೇ ಹೆಸರಿನವು ಹತ್ತಾರು. ಮೈಸೂರು ಸೀಮೆಯಲ್ಲಿ ಇನಿಷಿಯಲ್‌ನ ಮೊದಲಕ್ಷರ ಊರನ್ನು ಹೇಳುತ್ತದೆ. ಐರಿಷ್ ಹೆಸರಿಗೆ ಆ ಅಕ್ಷರವಿಲ್ಲ, ಅದನ್ನು ನೀವೇ ಹುಡುಕಿ ಸೇರಿಸಬೇಕು.

ತಾರೀಖನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ನೋಂದಣಿ ತಡವಾದರೆ ದಂಡ ಬೀಳುತ್ತಿತ್ತು, ಅದಕ್ಕೇ ಹುಟ್ಟಿದ ದಿನವನ್ನು ಮುಂದಕ್ಕೆ ಹಾಕಿ ಬರೆಸಿದವರಿದ್ದಾರೆ. ಹಾಗಾಗಿ ಮಗು ಹುಟ್ಟುವ ಮೊದಲೇ ಚರ್ಚಿನಲ್ಲಿ ಜ್ಞಾನಸ್ನಾನ ಆಗಿಹೋದಂತೆ ಕಾಣುವುದುಂಟು. ಶಾಲೆಗೆ ಸೇರಿಸಲು ಜೂನ್ 1 ಎಂದು ಬರೆಸಿದ ನಮ್ಮ ಹಿರಿಯರ ಹುಟ್ಟುದಿನಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. 1901 ಮತ್ತು 1911ರ ಜನಗಣತಿ ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ ಪೂರ್ತಿ ಉಚಿತ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹತ್ತು ವರ್ಷದಲ್ಲಿ ಕೆಲವರಿಗೆ ಹದಿನೈದು ವರ್ಷ ವಯಸ್ಸಾಗಿರುತ್ತದೆ. 1909ರ ಜನವರಿಯಿಂದ 70 ತುಂಬಿದವರಿಗೆ ವೃದ್ಧಾಪ್ಯ ಪಿಂಚಣಿ ಶುರುವಾಯಿತಲ್ಲ, ಕಾರಣ ಅದೇ. 1911ರ ನಮೂನೆಯಲ್ಲಿ ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂಬ ಲೆಕ್ಕವೂ ಇದೆ. ಅದನ್ನು ಇಟ್ಟುಕೊಂಡರೆ ಕೈತಪ್ಪಿದ ಜನನ ದಾಖಲೆಗಳು ಎಷ್ಟೆಂದು ಗೊತ್ತಾಗುತ್ತದೆ.

ಆ ಒಂದು ಅಂಕ ಹೋದದ್ದು 1864ರ ಹಿಂದಿನ ಕಾಲಕ್ಕೆ. ಈ ತಾಣದಲ್ಲಿ ಚರ್ಚ್ ದಾಖಲೆ ಡಬ್ಲಿನ್ ನಗರ, ಕೆರಿ, ಕಾರ್ಕ್‌ನ ಒಂದು ಭಾಗ, ಕಾರ್ಲೋ ಇಂಥ ಕೆಲವೇ ಕಡೆಯದು. ಬರ್ಕ್‌ಗಳ ತವರಾದ ಗಾಲ್ವೇ, ಮೇಯೊ ಇಲ್ಲ. ಅದಕ್ಕೆ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಿಂದ ಉಚಿತವಾಗಿ ಇಟ್ಟಿರುವ ಕ್ಯಾಥೊಲಿಕ್ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ರಿಜಿಸ್ಟರುಗಳನ್ನು ತೆರೆಯಬೇಕು. ಅಲ್ಲಿ ಹೆಸರು ಹಾಕಿ ಹುಡುಕುವ ಸೌಲಭ್ಯವಿಲ್ಲ, ಪ್ಯಾರಿಷ್ ಗೊತ್ತಿದ್ದರೆ ಪುಟ ತಿರುವುತ್ತಾ ಹೋಗಬೇಕು. ಬರವಣಿಗೆ ಎಷ್ಟೋ ಕಡೆ ಲ್ಯಾಟಿನ್: ಜೇಮ್ಸ್ ಇದ್ದವನು ಜಾಕೋಬಸ್, ವಿಲಿಯಂ ಇದ್ದವನು ಗುಲಿಯೆಲ್ಮಸ್. ಬರ್ಕ್ ಎನ್ನುವುದೂ 'ಡಿ ಬರ್ಗೊ' ಆಗಿ ಕೂತಿರಬಹುದು. ಪ್ಯಾರಿಷ್ ಯಾವುದೆಂದು ತಿಳಿಯಲು 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಕಂದಾಯ ಮೌಲ್ಯಮಾಪನ ನೋಡಿ. ನಕ್ಷೆ ಸಮೇತ ಅದೂ ಉಚಿತ. ಆದರೆ ಅದರಲ್ಲಿರುವುದು ನೆಲ, ಮನೆ ಹಿಡಿದವರ ಹೆಸರು ಮಾತ್ರ, ಹೆಂಡತಿ ಮಕ್ಕಳ ಹೆಸರಿಲ್ಲ. 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು 1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದ ಬೆಂಕಿಯಲ್ಲಿ ಸುಟ್ಟುಹೋಯಿತು. 1861ರಿಂದ 1891ರವರೆಗಿನದನ್ನು ಸರ್ಕಾರವೇ ಹಾಳುಗೆಡವಿತ್ತು. ಆ ನಷ್ಟಕ್ಕೆ ಈ ತಾಣವನ್ನು ದೂರಲಾಗದು.

ದಾಖಲೆ ತುಂಡಾದ ಕಡೆ ಹೆಸರಿಡುವ ಪದ್ಧತಿ ಕೈಹಿಡಿಯುತ್ತದೆ. ಮೊದಲ ಮಗನಿಗೆ ಅಪ್ಪನ ಕಡೆಯ ತಾತನ ಹೆಸರು, ಎರಡನೆಯವನಿಗೆ ಅಮ್ಮನ ಕಡೆಯ ತಾತನ ಹೆಸರು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಮನೆಗಳಿಗೆ ಇದನ್ನು ವಿವರಿಸಬೇಕಿಲ್ಲ. ಇದು ಸುಳಿವು ಮಾತ್ರ, ಪುರಾವೆ ಎಂದು ಬರೆದುಕೊಳ್ಳಬೇಡಿ.

ಇನ್ನು ಮೈಸೂರಿನಿಂದ ಹೊರಡುವವರು ಐರ್ಲೆಂಡಿನಿಂದ ಶುರು ಮಾಡಲೇಬಾರದು. 1830ರ ಹೊತ್ತಿಗೆ ಬ್ರಿಟಿಷ್ ಸೈನ್ಯದಲ್ಲಿ ನೂರಕ್ಕೆ 42 ಮಂದಿ ಐರಿಷರು. ಇಲ್ಲಿಗೆ ಬಂದ ಹೆಸರುಗಳ ದೊಡ್ಡ ಪಾಲು ಆ ದಾರಿಯದು. ನಮ್ಮ ಕಡೆಯ ಆಂಗ್ಲಿಕನ್ ಜ್ಞಾನಸ್ನಾನ, ಮದುವೆ, ಸಮಾಧಿಯ ದಾಖಲೆಗಳ ನಕಲು ಮದ್ರಾಸ್ ಪ್ರಾಂತ್ಯದ ಕಟ್ಟಿನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆ ಸೇರಿವೆ. ಗುರುತು ಎನ್/2. 'ಮೈಸೂರು' ಎಂದು ಹುಡುಕಿ ಸಿಗಲಿಲ್ಲವೆಂದು ಬಿಟ್ಟುಬಿಡುವುದೇ ಇಲ್ಲಿನ ಮಾಮೂಲಿ ತಪ್ಪು, 'ಮದ್ರಾಸ್' ಎಂದು ಹುಡುಕಬೇಕು. ಬ್ರಿಟಿಷ್ ಇಂಡಿಯಾ ಕುಟುಂಬಗಳ ಸಂಘವಾದ ಫಿಬಿಸ್‌ನ ಹುಡುಕಾಟ ಉಚಿತ. ಅಲ್ಲಿ ರೆಜಿಮೆಂಟ್ ಗೊತ್ತಾದರೆ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಡಬ್ಲ್ಯುಒ 97 ಎಂಬ ಸೈನಿಕರ ಬಿಡುಗಡೆ ಕಾಗದದ ಸರಣಿ ನೋಡಿ. ಸೈನಿಕ ಹುಟ್ಟಿದ ಪ್ಯಾರಿಷ್, ಕೌಂಟಿ ಅದರಲ್ಲಿರುತ್ತದೆ. ಅದು ಸಿಕ್ಕ ಮೇಲಷ್ಟೇ ಐರ್ಲೆಂಡಿನ ತಾಣ ತೆರೆಯುವುದು ಸರಿ.

ಪಟದ ಮಾತಿಗೆ ಬಂದರೆ, ಚಿನ್ನದ ಬಣ್ಣದ ನೆಲ, ಕೆಂಪು ಶಿಲುಬೆ, ಮೂಲೆಯಲ್ಲಿ ಕಪ್ಪು ಸಿಂಹ ಇರುವ ಬರ್ಕ್ ಲಾಂಛನ ನಿಜವಾದದ್ದೇ. ಆದರೆ ಲಾಂಛನ ಸಿಗುವುದು ವ್ಯಕ್ತಿಗೆ, ಅವನ ನೇರ ಸಂತತಿಗೆ. ಬರ್ಕ್ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲರಿಗೂ ಹಕ್ಕಿಲ್ಲ. ಎತ್ತಿನ ಮೇಲೆ ಬಂದು ವಂಶ ಹೇಳುವ ಹೆಳವರು ನಿಮ್ಮ ತಾತ, ಮುತ್ತಾತನ ಹೆಸರು ಹಿಡಿದು ಹೇಳುತ್ತಾರೆ. ಈ ಪಟದಲ್ಲಿ ನಿಮ್ಮ ಮನೆಯ ಒಬ್ಬರ ಹೆಸರೂ ಇರುವುದಿಲ್ಲ. ಆ ದುಡ್ಡಿನಲ್ಲಿ ಐರ್ಲೆಂಡಿನ ನೋಂದಣಿ ಕಚೇರಿಯಿಂದ ಪ್ರಮಾಣಪತ್ರ ತರಿಸಬಹುದು: ಸಂಶೋಧನೆಗೆ ಫೋಟೊ ಪ್ರತಿ 5 ಯೂರೊ, ಪೂರ್ಣ ಪ್ರಮಾಣಪತ್ರ 20 ಯೂರೊ. ಮನೆಯ ಗೋಡೆಗೆ ಹಾಕಲು ಡೌನ್‌ಲೋಡ್ ಮಾಡಿದ ಪುಟವೇ ಸಾಕೆಂದರೆ ಝೆರಾಕ್ಸ್ ಅಂಗಡಿಯಲ್ಲಿ ಎ3 ಕೇಳಿ. ಜನನ ರಿಜಿಸ್ಟರಿನ ಒಂದು ಪುಟದಲ್ಲಿ ಹತ್ತು ನಮೂದು ಇರುತ್ತವೆ, ಎ4ನಲ್ಲಿ ತಾಯಿಯ ತವರಿನ ಹೆಸರು ಓದಲು ಬಾರದಷ್ಟು ಚಿಕ್ಕದಾಗುತ್ತದೆ.